ಗಾಳಿಗೆ ಎದುರಾಗಿ ಹೊರಡಿ, ಗಾಳಿಯ ಜೊತೆ ಮರಳಿ

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಚಿತ್ರದುರ್ಗದಲ್ಲಿ ನಮ್ಮ ಸೈಕಲ್ ಗುಂಪು ಸೇರುತ್ತದೆ. ಗುಂಪಿನ ಹಿರಿಯರೊಬ್ಬರು ಎಲ್ಲರಿಗಿಂತ ಮೊದಲು ತಲೆಯೆತ್ತಿ ಗುಡ್ಡದ ಸಾಲಿನ ಮೇಲಿರುವ ಗಾಳಿಯಂತ್ರಗಳನ್ನು ನೋಡುತ್ತಾರೆ. ಅವು ಯಾವಾಗಲೂ ಗಾಳಿ ಬೀಸಿಬರುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತವೆ. ಅವುಗಳ ಮುಖ ಎತ್ತ ಇದೆಯೋ ಅತ್ತಲೇ ಅಂದಿನ ಸವಾರಿ. ನೂರು ಕಿಲೋಮೀಟರ್ ತುಳಿಯಬೇಕೆಂದು ಹೊರಟ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ ಇದೇ.

ದಾರಿ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪಶ್ಚಿಮದ ಗಾಳಿಯದೇ ಆಳ್ವಿಕೆ. ಆ ತಿಂಗಳುಗಳಲ್ಲಿ ಹೊಳಲ್ಕೆರೆ ಅಥವಾ ಭೀಮಸಮುದ್ರದ ಕಡೆಗೆ ಹೊರಡಿ. ಕಾಲಿನಲ್ಲಿ ಕಸುವಿರುವಾಗ ಗಾಳಿಯನ್ನು ಎದುರಿಸುತ್ತೀರಿ, ದಣಿದು ಮರಳುವಾಗ ಅದೇ ಗಾಳಿ ಬೆನ್ನಿಗೆ ಕೈಕೊಟ್ಟು ನೂಕುತ್ತದೆ. ಚಳಿಗಾಲದಲ್ಲಿ ಗಾಳಿ ತಿರುಗಿ ಪೂರ್ವದಿಂದ ಬೀಸುತ್ತದೆ, ಆಗ ಹಿರಿಯೂರಿನ ದಿಕ್ಕು ಚೆಂದ. ಅಲ್ಲಿಂದ ಮುಂದೆ ಸಾಗಿದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ. 1933ರ ನಂತರ 2022ರಲ್ಲಿ ಅದು ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತು.

ಹೆದ್ದಾರಿಯನ್ನು ಆದಷ್ಟು ತಪ್ಪಿಸಿ. ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ ಹತ್ತು ಕಿಲೋಮೀಟರ್ ಹೆಚ್ಚಾದರೂ ಸರಿ, ಅಲ್ಲಿ ನೀರು ಸಿಗುತ್ತದೆ, ನೆರಳು ಸಿಗುತ್ತದೆ, ಸೈಕಲ್ ಕೆಟ್ಟರೆ ಕೈಹಿಡಿಯುವವರು ಸಿಗುತ್ತಾರೆ. ದಾವಣಗೆರೆಯ ಗೆಳೆಯರು ಒಂದು ಲೆಕ್ಕ ನೆನಪಿಡಬೇಕು. ಅವರ ಊರಿಗಿಂತ ದುರ್ಗ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಕಣ್ಣಿಗೆ ಸಪಾಟಾಗಿ ಕಾಣುವ ದಾರಿಯಲ್ಲೂ ಇತ್ತ ಬರುವಾಗ ಸೈಕಲ್ ಭಾರವಾಗುವುದು ಅದಕ್ಕೇ.

ಸೈಕಲ್ ಸಜ್ಜುಮಾಡುವುದು

ಗೇರ್ ಇರುವ ಸೈಕಲ್ ಬೇಕು, ದುಬಾರಿಯದೇ ಆಗಬೇಕಿಲ್ಲ. ಸೀಟಿನ ಎತ್ತರವನ್ನು ಮಾತ್ರ ಸರಿಯಾಗಿ ಹೊಂದಿಸಿಕೊಳ್ಳಿ. ಸೀಟಿನ ಮೇಲೆ ಕುಳಿತು, ಕೆಳಕ್ಕೆ ಬಂದ ಪೆಡಲ್ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಮುಂಗಾಲಿನಿಂದ ತುಳಿದರೆ ಮೊಣಕಾಲು ತುಸು ಬಾಗಿರುತ್ತದೆ, ಅದೇ ಬೇಕಾದದ್ದು. ಸೀಟು ತಗ್ಗಿದ್ದರೆ ಐವತ್ತನೇ ಕಿಲೋಮೀಟರಿಗೆ ಮಂಡಿ ನೋಯಲು ಶುರುವಾಗುತ್ತದೆ. ಹೆಲ್ಮೆಟ್ ಇಲ್ಲದವರನ್ನು ನಾವು ಕರೆದೊಯ್ಯುವುದಿಲ್ಲ.

ಪ್ರತಿಯೊಬ್ಬರ ಚೀಲದಲ್ಲೂ ಎರಡು ಟ್ಯೂಬ್, ಟೈರ್ ಕಳಚುವ ಪಟ್ಟಿಗಳು, ಚಿಕ್ಕ ಪಂಪ್, ಒಂದು ಹಳೆಯ ಬಟ್ಟೆ ಇರಲೇಬೇಕು. ಬಟ್ಟೆ ಏಕೆಂದು ಹೇಳುತ್ತೇನೆ.

ಮುಳ್ಳು ಹುಡುಕುವುದು

ನಮ್ಮ ರಸ್ತೆಗಳ ಅಂಚಿನಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ನೆಲದ ಮೇಲೆ ನೆಗ್ಗಿಲು ಹಬ್ಬಿದೆ. ಪಂಕ್ಚರ್ ಆಯಿತೆಂದು ಗಡಿಬಿಡಿಯಲ್ಲಿ ಹೊಸ ಟ್ಯೂಬ್ ಹಾಕಿ ಹೊರಟವರು ಒಂದು ಫರ್ಲಾಂಗ್ ದಾಟುವಷ್ಟರಲ್ಲಿ ಮತ್ತೆ ಕೆಳಗಿಳಿಯುತ್ತಾರೆ. ಟ್ಯೂಬ್ ಹೊಸದು, ಮುಳ್ಳು ಹಳೆಯದು. ಅದು ಟೈರಿನೊಳಗೇ ಉಳಿದಿರುತ್ತದೆ.

ಆದ್ದರಿಂದ ಮೊದಲು ಹಳೆಯ ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿಯಿರಿ. ಕಿವಿಗೆ ಕೇಳಿಸದ ಸಣ್ಣ ತೂತೂ ಕೆನ್ನೆಯ ಚರ್ಮಕ್ಕೆ ತಣ್ಣಗೆ ತಾಗುತ್ತದೆ. ವಾಲ್ವ್‌ನಿಂದ ಆ ತೂತು ಎಷ್ಟು ದೂರವಿದೆ ಎಂದು ಟೈರಿನ ಪಕ್ಕದಲ್ಲಿ ಹಿಡಿದು ಅಳೆದರೆ ಮುಳ್ಳಿರುವ ಜಾಗ ಬಹುತೇಕ ಸಿಕ್ಕಂತೆ. ಈಗ ಬಟ್ಟೆಯನ್ನು ಟೈರಿನ ಒಳಮೈಗೆ ಒತ್ತಿ ಸುತ್ತಲೂ ಎಳೆಯುತ್ತ ಬನ್ನಿ. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿದೆ ಮುಳ್ಳು. ಬರಿಬೆರಳಿನಿಂದ ಹುಡುಕಿದರೆ ಬೆರಳಿಗೇ ಚುಚ್ಚಿಕೊಳ್ಳುತ್ತದೆ. ಜಾಲಿಯ ಮುಳ್ಳಿನ ತುದಿ ಒಳಗೆ ಮುರಿದು, ಎಳ್ಳಿನ ಕಾಳಿಗಿಂತ ಚಿಕ್ಕದಾಗಿ ರಬ್ಬರಿನ ಬಣ್ಣದಲ್ಲೇ ಬೆರೆತುಹೋಗಿರುತ್ತದೆ. ಟೈರನ್ನು ಹೊರಮುಖವಾಗಿ ಮಡಿಸಿ, ಉಗುರಿನಿಂದ ಎಬ್ಬಿಸಿ ತೆಗೆಯಿರಿ. ಒಂದು ಸಿಕ್ಕಿತೆಂದು ನಿಲ್ಲಬೇಡಿ, ಸುತ್ತು ಪೂರ್ತಿ ಮುಗಿಸಿ. ಹೊಸ ಟ್ಯೂಬಿಗೆ ತುಸು ಗಾಳಿ ಹಾಕಿ, ಅದು ದುಂಡಗಾದ ಮೇಲೆ ಕೂರಿಸಿದರೆ ಟೈರಿನ ಅಂಚಿಗೆ ಸಿಕ್ಕಿ ಹಿಸುಕಿಕೊಳ್ಳುವುದಿಲ್ಲ.

ಇದನ್ನು ಮನೆಯಂಗಳದಲ್ಲಿ ಎರಡು ಸಲ ಮಾಡಿ ಕಲಿತೇ ಬನ್ನಿ.

ಏರು, ಇಳುಕಲು

ಏರು ಶುರುವಾಗುವ ಮೊದಲೇ ಗೇರ್ ಹಗುರ ಮಾಡಿಕೊಳ್ಳಿ. ಅರ್ಧ ಏರಿನಲ್ಲಿ, ಭಾರ ಬಿದ್ದ ಚೈನನ್ನು ಬದಲಿಸಲು ಹೋದರೆ ಅದು ಕಿತ್ತುಕೊಂಡು ಬರುತ್ತದೆ. ಪಕ್ಕದವರೊಂದಿಗೆ ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲು ಉಸಿರು ಸಾಲುವಷ್ಟೇ ವೇಗವಿರಲಿ. ಏರು ಅಭ್ಯಾಸ ಮಾಡಲು ಊರಿನ ಪಕ್ಕದಲ್ಲೇ ಜೋಗಿಮಟ್ಟಿ ಇದೆ. ಅದು ಅರಣ್ಯ ಪ್ರದೇಶ, ಪ್ರವೇಶದ ಸಮಯ ಮತ್ತು ಅನುಮತಿಯನ್ನು ಮುಂಚೆಯೇ ವಿಚಾರಿಸಿ.

ಇಳುಕಲಿನಲ್ಲಿ ಬ್ರೇಕನ್ನು ಒಂದೇ ಸಮ ಅದುಮಿ ಹಿಡಿಯಬೇಡಿ, ರಿಮ್ ಕಾಯುತ್ತದೆ. ಎರಡೂ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ವೇಗ ತಗ್ಗಿಸುವುದೆಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು. ಸುಗ್ಗಿಯ ಕಾಲದಲ್ಲಿ ತಿರುವಿನಾಚೆ ರಸ್ತೆಯ ಮೇಲೆಯೇ ರಾಗಿ ಒಕ್ಕಣೆ ನಡೆದಿರಬಹುದು, ಮೆಕ್ಕೆಜೋಳ ಹರವಿರಬಹುದು. ಜೋಳದ ಕಾಳಿನ ಮೇಲೆ ತೆಳು ಚಕ್ರ ಹತ್ತಿದರೆ ಜಾರುವುದು ಖಂಡಿತ. ಅಲ್ಲಿ ಇಳಿದು ನಡೆಯಿರಿ. ಅದು ಒಂದು ಕುಟುಂಬದ ವರ್ಷದ ಅನ್ನ, ಚಕ್ರ ಹರಿಸಿಕೊಂಡು ಹೋಗುವುದು ತಪ್ಪು ಎಂದೇ ನನ್ನ ಭಾವನೆ.

ಹೊಟ್ಟೆ ಮತ್ತು ಹೊತ್ತು

ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ. ಮುಕ್ಕಾಲು ಗಂಟೆಗೊಮ್ಮೆ ಒಂದು ಬಾಳೆಹಣ್ಣು ಅಥವಾ ಕಡಲೆ ಚಿಕ್ಕಿ, ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಂತೆ ನೀರು. ಬಿಸಿಲು ಏರಿದ ಮೇಲೆ ಉಪ್ಪು ಹಾಕಿದ ನಿಂಬೆ ಶರಬತ್ತು ಇಲ್ಲವೇ ಮಜ್ಜಿಗೆ ಇರಲಿ. ಬೆಣ್ಣೆ ದೋಸೆ, ಮಿರ್ಚಿಗಳನ್ನು ಮರಳಿದ ಮೇಲೆ ಮನಸಾರೆ ತಿನ್ನಿ. ನನ್ನ ಮೊದಲ ವರ್ಷದಲ್ಲಿ ಬೆಳಗಿನ ಉಮೇದಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಏನೂ ತಿನ್ನದೆ ಅರವತ್ತು ಕಿಲೋಮೀಟರ್ ತುಳಿದಿದ್ದೆ. ಆಮೇಲೆ ಕೈ ನಡುಗಿ, ಕಣ್ಣು ಮಂಜಾಗಿ ಹುಣಸೆಮರದ ಕೆಳಗೆ ಕುಳಿತಾಗ, ಹೊಲದಿಂದ ಬಂದ ಅಜ್ಜಿಯೊಬ್ಬರು ತಮ್ಮ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟರು. ಆ ರೊಟ್ಟಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಮುಂದೆ 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೋಗುವ ಆಸೆಯಿದ್ದರೆ ಸಮಯದ ಲೆಕ್ಕವನ್ನು ಈಗಲೇ ಕಲಿಯಿರಿ. ಅದಕ್ಕೆ ಹದಿಮೂರೂವರೆ ಗಂಟೆ ಗಡುವು, ಅಂದರೆ ಗಂಟೆಗೆ 15 ಕಿಲೋಮೀಟರಿಗೂ ತುಸು ಕಡಿಮೆ. ವೇಗ ಸಾಲದೆ ಸೋಲುವವರಿಗಿಂತ ಚಹಾದ ಅಂಗಡಿಯಲ್ಲಿ ಹೊತ್ತು ಕಳೆದು ಸೋಲುವವರೇ ಹೆಚ್ಚು ಎಂಬುದು ನಾನು ಕಂಡದ್ದು.

ಗುಂಪಿನಲ್ಲಿ ಸಾಗುವುದು

ಒಬ್ಬರ ಹಿಂದೊಬ್ಬರಂತೆ ಒಂದೇ ಸಾಲಿನಲ್ಲಿ ಹೋಗಿ, ಹೊಸಬರು ಮುಂದಿನವರಿಂದ ಒಂದು ಸೈಕಲ್ಲಿನಷ್ಟು ಅಂತರ ಬಿಡಲಿ. ಮುಂದಿರುವವರು ಗಾಳಿಯನ್ನು ಎದೆಗೊಟ್ಟು ತಡೆಯುವುದರಿಂದ ಹಿಂದಿನವರ ಶ್ರಮ ಕಡಿಮೆಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮುಂದಿನವರು ಬದಲಾಗಲಿ. ಗುಂಡಿ ಕಂಡರೆ ಕೈ ತೋರಿಸಿ ಕೂಗಿ ಹೇಳಿ, ಆ ಮಾತು ಸಾಲಿನ ಕೊನೆಯವರೆಗೂ ಮುಟ್ಟಬೇಕು. ಅತ್ಯಂತ ಅನುಭವಿ ಸವಾರರು ಎಲ್ಲರಿಗಿಂತ ಹಿಂದೆ ಇರಲಿ. ಪ್ರತಿ ಏರಿನ ನೆತ್ತಿಯಲ್ಲಿ ಉಳಿದವರಿಗಾಗಿ ಕಾಯಿರಿ. ಕೊನೆಯವರು ಬಂದ ಕೂಡಲೇ ಹೊರಡಬೇಡಿ, ಅವರೂ ಕುಳಿತು ನೀರು ಕುಡಿದು ಸುಧಾರಿಸಿಕೊಳ್ಳಲಿ. ನಿಧಾನದವರಿಗೆ ಸಿಗಬೇಕಾದ ವಿಶ್ರಾಂತಿಯನ್ನು ವೇಗದವರು ಕಸಿಯುವುದು ಅನ್ಯಾಯ.

ಊರು ಮುಟ್ಟಿದ ಮೇಲೆ ತಲೆ ಎಣಿಸಿ. ಹೊರಟಾಗ ಹನ್ನೊಂದು ಮಂದಿ ಇದ್ದರೆ ಹನ್ನೊಂದೂ ಬರುವವರೆಗೆ ನಮ್ಮಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಸಂಜೆ ಚೈನ್ ಒರೆಸಿ ಎಣ್ಣೆ ಬಿಡಿ, ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಟೈರಿನ ಹೊರಮೈ ನೋಡಿ. ಅರ್ಧ ಹೊಕ್ಕ ಮುಳ್ಳು ಕಂಡರೆ ಅಂದೇ ಕೀಳಿ, ಮುಂದಿನ ಭಾನುವಾರದವರೆಗೆ ಬಿಟ್ಟರೆ ಅದು ಟ್ಯೂಬ್ ಮುಟ್ಟಿರುತ್ತದೆ.