ಕೂಸಿನ ಉದ್ದ ಅಳೆಯುವಾಗ ಮೊಣಕಾಲು ಮಡಚಿರಬಾರದು

ಸಿಂಧನೂರು ಕಡೆಯ ಒಂದು ಅಂಗನವಾಡಿಯಲ್ಲಿ ರಿಜಿಸ್ಟರ್ ತಿರುವಿ ನೋಡುತ್ತಿದ್ದೆ. ಹತ್ತು ತಿಂಗಳ ಕೂಸಿನ ಉದ್ದ 69.5 ಸೆಂ.ಮೀ. ಅಂತ ಬರೆದಿತ್ತು. ಮುಂದಿನ ತಿಂಗಳು 68. ಬೆಳೆಯುವ ಕೂಸು ಗಿಡ್ಡ ಆಗುತ್ತದಾ? ಅದೇ ಕೂಸನ್ನು ಕರೆಸಿ, ಇಬ್ಬರು ಹಿಡಿದು ಮತ್ತೆ ಅಳೆದೆವು. 70.8 ಬಂತು. ಹಿಂದಿನ ಸಲ ಮೊಣಕಾಲು ಮಡಚಿಕೊಂಡಿತ್ತು, ಅಷ್ಟೇ.

ಅಷ್ಟೇ ಅಂದೆ, ಆದರೆ ಸಣ್ಣ ತಪ್ಪಲ್ಲ. ತೂಕ ಮತ್ತು ಉದ್ದ ಎರಡನ್ನೂ ಸೇರಿಸಿ ನೋಡಿದಾಗಲೇ ಕೂಸು ಸೊರಗಿದೆಯೋ ಇಲ್ಲವೋ ತಿಳಿಯುವುದು. ಉದ್ದ ಎರಡು ಸೆಂ.ಮೀ. ಕಡಿಮೆ ಬರೆದರೆ, ಅಷ್ಟು ಗಿಡ್ಡ ಕೂಸಿಗೆ ಈ ತೂಕ ಸಾಕು ಅನ್ನುವ ಲೆಕ್ಕ ಬರುತ್ತದೆ. ಸೊರಗಿದ ಕೂಸು ಬೆಳವಣಿಗೆ ಚಾರ್ಟಿನ ಹಸಿರು ಬಣ್ಣದಲ್ಲಿ, ಅಂದರೆ ಚೆನ್ನಾಗಿರುವವರ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಯಾರೂ ಅದರ ಮನೆಗೆ ಹೋಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನೂರಕ್ಕೆ 19.5ರಷ್ಟು ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಇಲ್ಲ.

ಅಂಗನವಾಡಿ ಕಾರ್ಯಕರ್ತೆಯರೇ, ಅದಕ್ಕೇ ಅಳತೆಯನ್ನು ಹೀಗೆ ಹಂತ ಹಂತವಾಗಿ ತೆಗೆಯಿರಿ.

ಹಂತ 1: ಜಾಗ ಮತ್ತು ಹೊತ್ತು. ನಮ್ಮ ಕಡೆ ಪರಸಿ ಕಲ್ಲಿನ ನೆಲ ಜಾಸ್ತಿ. ಎರಡು ಕಲ್ಲು ಕೂಡುವ ಕಡೆ ತಕ್ಕಡಿ ಇಟ್ಟರೆ ಅಲುಗಾಡುತ್ತದೆ. ಒಂದೇ ಕಲ್ಲಿನ ನಡುವೆ ಇಡಿ. ನಾಟಿ ಹೊತ್ತಿನಲ್ಲಿ ತಾಯಂದಿರು ಬೆಳಿಗ್ಗೆಯೇ ಗದ್ದೆಗೆ ಹೋಗಿಬಿಡುತ್ತಾರೆ. ಹಾಗಾಗಿ ಹಿಂದಿನ ಸಂಜೆಯೇ ಮನೆಗೆ ಹೇಳಿ ಕಳಿಸಿ.

ಹಂತ 2: ತೂಕ. ಬಟ್ಟೆ ಬಿಚ್ಚಿ, ಕುಲಾಯಿ ತೆಗೆಯಿರಿ. ಬೆಳ್ಳಿ ಕಡಗ, ಕಾಲ್ಗೆಜ್ಜೆ ಇದ್ದರೆ ಅವನ್ನೂ. ಉಡದಾರ ಇರಲಿ, ಅದನ್ನು ಬಿಚ್ಚಲು ಹೋಗಿ ಅಜ್ಜಿಯ ಮನಸ್ಸು ನೋಯಿಸುವುದು ಬೇಡ. ತಾಯಿ-ಮಗು ತಕ್ಕಡಿ ಆದರೆ ಮೊದಲು ತಾಯಿ ಒಬ್ಬಳೇ ನಿಲ್ಲಲಿ, ಗುಂಡಿ ಒತ್ತಿ ಸೊನ್ನೆ ಬಂದ ಮೇಲೆ ಕೂಸನ್ನು ಅವಳ ಕೈಗೆ ಕೊಡಿ. ಕೂಸಿನ ತೂಕ ಮಾತ್ರ ಕಾಣುತ್ತದೆ. ತಿಂಗಳಿಗೊಮ್ಮೆ ಕಿರಾಣಿ ಅಂಗಡಿಯಿಂದ ಎರಡು ಕೆ.ಜಿ. ತೂಕದ ಕಲ್ಲು ತಂದು ತಕ್ಕಡಿ ಸರಿ ಇದೆಯಾ ನೋಡಿ. ತೂಗುಹಾಕುವ ಹಳೆಯ ಸ್ಪ್ರಿಂಗ್ ತಕ್ಕಡಿ ನನಗೆ ಸೇರುವುದಿಲ್ಲ. ಸ್ಪ್ರಿಂಗ್ ಸಡಿಲಾದದ್ದು ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಹಂತ 3: ಉದ್ದ. ಎಲ್ಲರೂ ಎಡವುವುದು ಇಲ್ಲೇ. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರ ಕೈಯಲ್ಲಿ ಈ ಕೆಲಸ ಆಗುವುದಿಲ್ಲ. ಸಹಾಯಕಿ ಅಡುಗೆಯಲ್ಲಿದ್ದರೆ ಕಾಯಿರಿ, ಇಲ್ಲವೇ ಆಶಾ ಕಾರ್ಯಕರ್ತೆ ಬಂದ ದಿನ ಇಟ್ಟುಕೊಳ್ಳಿ.

ಮಲಗಿಸುವ ಮೊದಲು ತಲೆ ನೋಡಿ. ಜುಟ್ಟು ಕಟ್ಟಿದ್ದರೆ ಬಿಚ್ಚಿ, ಕ್ಲಿಪ್ಪು ತೆಗೆಯಿರಿ. ಒಂದು ಜುಟ್ಟಿಗೆ ಒಂದು ಸೆಂ.ಮೀ. ಹೆಚ್ಚು ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಂಚದ ಮೇಲೆ, ಹಾಸಿಗೆ ಮೇಲೆ ಬೇಡ. ಉದ್ದ ಅಳೆಯುವ ಹಲಗೆ (ಇನ್ಫ್ಯಾಂಟೋಮೀಟರ್) ನೆಲದ ಮೇಲಿರಲಿ.

ಸಹಾಯಕಿ ತಲೆಯ ಹಿಂದೆ ಕೂರಬೇಕು. ಎರಡೂ ಅಂಗೈಗಳಿಂದ ಕೂಸಿನ ಕಿವಿಯ ಮೇಲೆ ಮೆತ್ತಗೆ ಹಿಡಿದು, ನೆತ್ತಿಯನ್ನು ಹಲಗೆಯ ತುದಿಗೆ ತಾಗಿಸಬೇಕು. ಕೂಸಿನ ಕಣ್ಣು ನೇರ ಮೇಲಕ್ಕೆ, ಸೂರಿನ ಕಡೆ ನೋಡುತ್ತಿರಬೇಕು. ಗದ್ದ ಎದೆಗೆ ಬಾಗಿದರೂ ಅಳತೆ ಕೆಡುತ್ತದೆ, ಹಿಂದಕ್ಕೆ ಚಾಚಿದರೂ ಕೆಡುತ್ತದೆ. ತಾಯಿಯನ್ನು ಕೂಸಿನ ಎಡಕ್ಕೆ, ಕೂಸಿಗೆ ಮುಖ ಕಾಣುವ ಹಾಗೆ ಕೂರಿಸಿ ಮಾತಾಡಿಸಲು ಹೇಳಿ. ಅರ್ಧ ಅಳು ಅಲ್ಲೇ ನಿಲ್ಲುತ್ತದೆ.

ಈಗ ನೀವು. ಕೂಸಿನ ಬಲಕ್ಕೆ ಕೂತು, ಮೈ ಹಲಗೆಯ ನಡುವೆ ನೇರ ಇದೆಯಾ ನೋಡಿ. ಎಡಗೈಯನ್ನು ಎರಡೂ ಮೊಣಕಾಲಿನ ಮೇಲಿಟ್ಟು ಮೆಲ್ಲಗೆ ಒತ್ತಿ. ಎರಡೂ ಕಾಲು ಅಂದೆ. ಅವಸರದಲ್ಲಿ ಒಂದೇ ಕಾಲು ಹಿಡಿಯುವವರೇ ಜಾಸ್ತಿ. ಕೂಸು ಒದೆಯುತ್ತಿದ್ದರೆ ಜೋರು ಮಾಡಬೇಡಿ, ಒಂದು ಉಸಿರು ಕಾಯಿರಿ. ಒದ್ದ ಕಾಲು ಒಮ್ಮೆ ಸಡಿಲ ಆಗೇ ಆಗುತ್ತದೆ. ಆ ಗಳಿಗೆಗೆ ಬಲಗೈಯಿಂದ ಪಾದದ ಕಡೆಯ ಜಾರುಹಲಗೆಯನ್ನು ಅಂಗಾಲಿಗೆ ತಂದು ತಾಗಿಸಿ. ಹಿಮ್ಮಡಿ ಕೂರಬೇಕು, ಬೆರಳು ಮೇಲಕ್ಕಿರಬೇಕು. ಬೆರಳ ತುದಿಗೆ ಮಾತ್ರ ತಾಗಿದರೆ ಆ ಅಳತೆ ಬೇಡ. ಮಿಲಿಮೀಟರ್ ಗೆರೆವರೆಗೆ ಓದಿ, ಜೋರಾಗಿ ಹೇಳಿ, ಕೂಡಲೇ ಬರೆಯಿರಿ. ನಂತರ ಕೂಸನ್ನು ಎತ್ತಿ ಸಮಾಧಾನ ಮಾಡಿ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆಗೆ ಅರ್ಧ ಸೆಂ.ಮೀ.ಗಿಂತ ಹೆಚ್ಚು ಅಂತರ ಬಂದರೆ ಮೂರನೇ ಸಲ ಅಳೆಯಿರಿ. ನಾನಂತೂ ಬಿಡುವುದಿಲ್ಲ.

ದರ್ಜಿ ಟೇಪನ್ನು ಮೈಮೇಲೆ ಹಾಸಿ ಅಳೆಯುವವರಿದ್ದಾರೆ. ಟೇಪು ಹೊಟ್ಟೆಯ ಏರಿಳಿತವನ್ನೂ ಅಳೆದು ಉದ್ದ ಹೆಚ್ಚು ತೋರಿಸುತ್ತದೆ. ಸುರುಳಿ ಸುತ್ತುವ ಚಾಪೆಯಂಥ ಅಳತೆಪಟ್ಟಿಯೂ ಬೇಡ, ಅದರ ತಲೆಭಾಗ ನೆಟ್ಟಗೆ ನಿಲ್ಲುವುದಿಲ್ಲ. ಗಟ್ಟಿ ಹಲಗೆಯ ಇನ್ಫ್ಯಾಂಟೋಮೀಟರ್ ಒಂದೇ ಸರಿ. ಎಲ್ಲಕ್ಕಿಂತ ಕೆಟ್ಟದ್ದು, ಹೋದ ತಿಂಗಳ ಅಂಕಿಗೆ ಅಂದಾಜಿನ ಮೇಲೆ ಒಂದಿಷ್ಟು ಸೇರಿಸಿ ಬರೆಯುವುದು. ಕೆಲಸದ ಭಾರ ನನಗೆ ಗೊತ್ತು. ಆದರೂ ಬೇಡ. ಆ ತಿಂಗಳು ಖಾಲಿ ಬಿಟ್ಟರೆ ಆ ಕೂಸನ್ನು ನೋಡಿಲ್ಲ ಅಂತಾದರೂ ಗೊತ್ತಾಗುತ್ತದೆ.

"ಅಳತಿ ತಗೊಬ್ಯಾಡವ್ವಾ, ಕೂಸು ಬೆಳಿಯಂಗಿಲ್ಲ" ಎನ್ನುವ ಅಜ್ಜಿಯಂದಿರು ಸಿಗುತ್ತಾರೆ. ವಾದ ಮಾಡಬೇಡಿ. ಅವರ ಕೈಯಿಂದಲೇ ಕೂಸನ್ನು ಹಲಗೆ ಮೇಲೆ ಮಲಗಿಸಿ.

ಹಂತ 4: ಎರಡು ವರ್ಷ ದಾಟಿದವರು. ಚಪ್ಪಲಿ ಬಿಚ್ಚಿಸಿ ನಿಲ್ಲಿಸಿ. ಹಿಮ್ಮಡಿ, ಮೀನಖಂಡ, ಕುಂಡೆ, ಬೆನ್ನು, ತಲೆಯ ಹಿಂಭಾಗ ಪಟ್ಟಿಗೆ ತಾಗಬೇಕು. ನಿಲ್ಲಲಾಗದ ಮಗುವನ್ನು ಮಲಗಿಸಿ ಅಳೆದು 0.7 ಸೆಂ.ಮೀ. ಕಳೆಯಿರಿ. ಮಲಗಿದಾಗ ಮೈ ಅಷ್ಟು ಉದ್ದ ಬರುತ್ತದೆ.

ಹಂತ 5: ತೋಳು ಮತ್ತು ಪಾದ. ಆರು ತಿಂಗಳು ತುಂಬಿದ ಮೇಲೆ ಎಡತೋಳಿನ ಸುತ್ತಳತೆ ತೆಗೆಯಿರಿ. ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ಪಟ್ಟಿ ಸುತ್ತಿ, ತೋಳು ಸಡಿಲ ಇಳಿಬಿಟ್ಟಿರಲಿ. 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಅಲ್ಲಿಂದ 12.5ರೊಳಗೆ ಇದ್ದರೆ ಮಧ್ಯಮ. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಗುಳಿ ಹಾಗೇ ಉಳಿದರೆ ಅದು ನೀರಿನ ಬಾವು. ಆಗ ತೂಕವನ್ನು ನಂಬಬೇಡಿ, ಅವತ್ತೇ ಆಸ್ಪತ್ರೆಗೆ ಕಳಿಸಿ.

ಹಂತ 6: ತಾಯಿಗೆ ಹೇಳುವುದು. ಫೋನಿಗೆ ಅಂಕಿ ತುಂಬಿ ಮುಗಿಸಬೇಡಿ. ಕೂಸಿನ ಬೆಳವಣಿಗೆ ಗುರುತು ಹಾಕುವ 'ತಾಯಿ ಕಾರ್ಡ್' ತೆಗೆದು ಚುಕ್ಕೆ ಇಟ್ಟು, ಹೋದ ತಿಂಗಳ ಚುಕ್ಕೆಗೆ ಗೆರೆ ಎಳೆದು ಅವಳಿಗೆ ತೋರಿಸಿ. ಗೆರೆ ಎರಡು ತಿಂಗಳು ಏರದೆ ಮಲಗಿದ್ದರೆ, ಬಣ್ಣ ಇನ್ನೂ ಹಸಿರಿದ್ದರೂ ಸರಿ, ಆ ವಾರವೇ ಮನೆಗೆ ಹೋಗಿ. ಭೇದಿ ಆಗಿತ್ತಾ, ನೀವು ಗದ್ದೆಗೆ ಹೋದಾಗ ಯಾರು ಉಣಿಸುತ್ತಾರೆ, ನಿನ್ನೆ ರಾತ್ರಿ ಕೂಸು ಉಂಡು ಮಲಗಿತಾ, ಹಾಗೇ ಮಲಗಿತಾ ಅಂತ ಕೇಳಿ.