ಬೀಟಲ್‌ಗೆ ನೇರ ಹಲ್ಲಿನ ಟೈಮಿಂಗ್ ಗೇರ್: ಯಾವ ಸದ್ದು ಸರಿ, ಯಾವುದಕ್ಕೆ ಎಂಜಿನ್ ಬಿಚ್ಚಬೇಕು

ಎಂಜಿನ್ನಿನ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವ ಹಾಗೆ ನೋಡಿಕೊಳ್ಳುವ ಗೇರ್ ಜೋಡಿಯೇ ಟೈಮಿಂಗ್ ಗೇರ್. ಅದನ್ನು ನೇರ ಹಲ್ಲಿನದಾಗಿ ಹಾಕಿಸಿದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ (ಎಂಜಿನ್ ಹಿಂಬದಿಯಲ್ಲಿರುವ ಕಾರು) ಎರಡು ಬಗೆಯಲ್ಲಿ ಸದ್ದು ಮಾಡುತ್ತದೆ. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ‘ಊಂ’ ಅಂತ ಸ್ವರ ಏರಿಸಿಕೊಂಡು ಹೋಗುವ ಕೂಗು ಒಂದು. ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಕೇಳಿಸುವ ಕಟಕಟ ಇನ್ನೊಂದು. ಕೂಗು ಆ ಗೇರಿನ ಹುಟ್ಟುಗುಣ, ಅದಕ್ಕೆ ಔಷಧಿ ಇಲ್ಲ. ಕಟಕಟ ಮಾತ್ರ ಕಾರಣ ಹುಡುಕಲೇಬೇಕಾದ ಸದ್ದು. ಎಂಜಿನ್ ಇಳಿಸುವ ಮೊದಲು ಇವೆರಡನ್ನು ಕಿವಿಯಲ್ಲೇ ಬೇರೆ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಕ್ರ್ಯಾಂಕ್‌ಕೇಸೂ (ಇವೆಲ್ಲ ಕೂರುವ ಎಂಜಿನ್ನಿನ ಹೊರಗೂಡು) ಉಳಿಯುತ್ತದೆ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಗೇರ್ ತಪಾಸಣೆ ಮಾಡುತ್ತಿದ್ದವನು. ಈಗ ಹನುಮಂತನಗರದ ಮನೆಯ ಹಿಂದಿನ ಶೆಡ್ಡಿನಲ್ಲಿ ಬೀಟಲ್ ಎಂಜಿನ್ ಕಟ್ಟುತ್ತೇನೆ, ಬೇರೆ ಕಾರು ಮುಟ್ಟುವುದಿಲ್ಲ. ಗೇರ್ ಸದ್ದಿನ ದೂರು ಹೊತ್ತು ಬರುವವರಲ್ಲಿ ಬಹಳ ಮಂದಿಗೆ ಹಾಕಿಕೊಟ್ಟವರು ಒಂದೇ ಮಾತು ಹೇಳಿರುತ್ತಾರೆ: “ಹೊಸ ಗೇರ್ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ.” ಆಗುವುದಿಲ್ಲ. ಗಟ್ಟಿ ಉಕ್ಕಿನ ಹಲ್ಲು ಸವೆದು ಮೆತ್ತಗಾಗುವ ಜಾತಿಯದಲ್ಲ. ಸವೆದರೂ ಕಚ್ಚಿಕೊಂಡ ಹಲ್ಲುಗಳ ನಡುವಿನ ಸಂದು ದೊಡ್ಡದಾಗಿ ಸದ್ದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಮೊದಲು ಕೂಗಿನ ವಿಷಯ. ಬೀಟಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನೂ ಇಲ್ಲ, ಬೆಲ್ಟೂ ಇಲ್ಲ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಗೇರ್ ನೇರವಾಗಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಗೇರನ್ನು ತಿರುಗಿಸುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು. ಕಂಪನಿಯ ಗೇರಿಗೆ ಹಲ್ಲು ಓರೆ. ಒಂದು ತುದಿಯಲ್ಲಿ ಕಚ್ಚಿ ಮೆಲ್ಲಗೆ ಇನ್ನೊಂದು ತುದಿಗೆ ಜಾರುತ್ತದೆ, ಅಷ್ಟರಲ್ಲಿ ಪಕ್ಕದ ಹಲ್ಲು ಭಾರ ಹಂಚಿಕೊಂಡಿರುತ್ತದೆ. ನೇರ ಹಲ್ಲು ಅಗಲಕ್ಕಗಲ ಒಂದೇ ಸಲ ಬಂದು ಕಚ್ಚುತ್ತದೆ. 3000 ಆರ್‌ಪಿಎಂ ಎಂದರೆ ಕ್ರ್ಯಾಂಕಿಗೆ ಸೆಕೆಂಡಿಗೆ 50 ಸುತ್ತು. ಕ್ರ್ಯಾಂಕ್ ಗೇರಿಗೆ 20 ಹಲ್ಲಿದೆ ಅಂದುಕೊಂಡರೂ ಸೆಕೆಂಡಿಗೆ ಸಾವಿರ ಬಡಿತ. ಅವೆಲ್ಲ ಕೂಡಿ ಒಂದು ಸ್ವರವಾಗಿ ಕೇಳುತ್ತದೆ. ಹಳೆಯ ಮಾರುತಿ 800 ರಿವರ್ಸ್ ತೆಗೆದಾಗ ಗುಂಯ್ ಅನ್ನುತ್ತಿತ್ತಲ್ಲ, ಅದೇ ಜಾತಿಯ ಸದ್ದು.

ಹಾಗಾದರೆ ಇದನ್ನು ಯಾಕೆ ಹಾಕುತ್ತಾರೆ? ಓರೆ ಹಲ್ಲು ತಿರುಗುವಾಗ ಕ್ಯಾಮ್ ಶಾಫ್ಟನ್ನು ಅದರ ಉದ್ದದ ದಿಕ್ಕಿಗೂ ತಳ್ಳುತ್ತದೆ. ಹೈ ಲಿಫ್ಟ್ ಕ್ಯಾಮ್ (ವಾಲ್ವನ್ನು ಹೆಚ್ಚು ಎತ್ತುವಂಥದ್ದು), ಡಬಲ್ ವಾಲ್ವ್ ಸ್ಪ್ರಿಂಗ್ ಹಾಕಿದ ಎಂಜಿನ್ನಿನಲ್ಲಿ ಆ ತಳ್ಳಾಟ ಜಾಸ್ತಿಯಾಗಿ ಕ್ಯಾಮ್ ಬೇರಿಂಗಿನ ಅಂಚಿಗೆ ಪೆಟ್ಟು. ನೇರ ಹಲ್ಲಿನಲ್ಲಿ ಆ ಕಾಟ ಇಲ್ಲ. ಸಾಧಾರಣ ಸ್ಪ್ರಿಂಗಿನ 1600 ಎಂಜಿನ್ ಇಟ್ಟುಕೊಂಡು ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬರುವವರಿಗೆ ಇದರಿಂದ ಮೂರು ಕಾಸಿನ ಲಾಭವಿಲ್ಲ. ಕೇಳಿದವರಿಗೆಲ್ಲ ಕಂಪನಿ ಗೇರೇ ಇರಲಿ ಅನ್ನುತ್ತೇನೆ.

ಈಗ ಕಟಕಟ. ಕ್ಯಾಮಿನ ಉಬ್ಬು ವಾಲ್ವನ್ನು ಎತ್ತುವಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಒತ್ತುತ್ತದೆ. ಉಬ್ಬಿನ ನೆತ್ತಿ ದಾಟಿದ ಮೇಲೆ ಅದೇ ಸ್ಪ್ರಿಂಗ್ ಕ್ಯಾಮನ್ನು ಮುಂದಕ್ಕೆ ನೂಕುತ್ತದೆ. ಹಲ್ಲುಗಳ ನಡುವೆ ಸಂದು ಇದ್ದರೆ ಕ್ಯಾಮ್ ಗೇರ್ ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಬಡಿಯುತ್ತದೆ. ಐಡ್ಲಿಂಗಿನಲ್ಲಿ ಕ್ರ್ಯಾಂಕೂ ಒಂದೇ ಸಮನೆ ತಿರುಗುವುದಿಲ್ಲವಾದ್ದರಿಂದ ಸದ್ದು ಅಲ್ಲೇ ಎದ್ದು ಕೇಳುತ್ತದೆ. ಆರ್‌ಪಿಎಂ ಸ್ವಲ್ಪ ಏರಿಸಿದರೆ ಕಡಿಮೆಯಾಗುತ್ತದೆ.

ಆದರೆ ಕಟಕಟ ಅಂದದ್ದೆಲ್ಲ ಟೈಮಿಂಗ್ ಗೇರೇ ಅಲ್ಲ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಟ್ಯಾಪೆಟ್ (ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಅಂತರ) 0.15 ಮಿ.ಮೀ.ಗೆ ಕಟ್ಟಿ. ಐಡ್ಲಿಂಗ್ 850ರ ಆಸುಪಾಸಿನಲ್ಲಿ ನಿಲ್ಲುವ ಹಾಗೆ ಕಾರ್ಬ್ಯುರೇಟರ್ ಸರಿಮಾಡಿ. ಎಂಜಿನ್ ನಿಲ್ಲಿಸಿ, ಕ್ರ್ಯಾಂಕಿನ ತುದಿಯ ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಹಿಂದೆ ಎಳೆದು ನೋಡಿ. ಲೊಟಕ್ ಅಂತ ಆಟ ಕೈಗೆ ಸಿಕ್ಕಿದರೆ ಕ್ರ್ಯಾಂಕಿನ ಎಂಡ್ ಪ್ಲೇ, ಅಂದರೆ ಉದ್ದಕ್ಕೆ ಸರಿದಾಡುವ ಜಾಗ, ಮೀರಿದೆ (ಇರಬೇಕಾದ್ದು 0.07ರಿಂದ 0.13 ಮಿ.ಮೀ.), ಅದು ಬೇರೆ ಕತೆ. ಕೂಗಿನ ಮೇಲೆ ಅನುಮಾನವಿದ್ದರೆ ಫ್ಯಾನ್ ಬೆಲ್ಟ್ ತೆಗೆದು ಅರ್ಧ ನಿಮಿಷ ಮಾತ್ರ ಓಡಿಸಿ. ಕೂಗು ನಿಂತರೆ ಡೈನಮೋ ಬೇರಿಂಗ್ ಹೋಗಿದೆ, ಗೇರಿನ ತಪ್ಪಿಲ್ಲ. ಬೆಲ್ಟ್ ಇಲ್ಲದಿದ್ದರೆ ಗಾಳಿ ಬೀಸುವ ಫ್ಯಾನೂ ನಿಲ್ಲುತ್ತದೆ. ಆದ್ದರಿಂದ ಅರ್ಧ ನಿಮಿಷದ ಮೇಲೆ ಒಂದು ಗಳಿಗೆಯೂ ಬೇಡ.

ಇಷ್ಟಾದ ಮೇಲೆ ಬೆಲ್ಟ್ ಮತ್ತೆ ಹಾಕಿ, ಎಂಜಿನ್ ಐಡ್ಲಿಂಗಿನಲ್ಲಿಟ್ಟು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ತುದಿಯನ್ನು ಪುಲ್ಲಿಯ ಕೆಳಗಿರುವ ಆಯಿಲ್ ಪಂಪಿನ ಮುಚ್ಚಳಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಕ್ಯಾಮ್ ಗೇರ್ ಸರಿಯಾಗಿ ಅದರ ಹಿಂದೆಯೇ ಇದೆ. ವಾಲ್ವ್ ಕವರಿಗಿಂತ ಇಲ್ಲಿ ಸದ್ದು ಜೋರಾಗಿದ್ದರೆ ಗೇರೇ. ತೋಳು, ಟವೆಲು, ಜನಿವಾರ, ಸರ ಯಾವುದೂ ಪುಲ್ಲಿಯ ಹತ್ತಿರ ಜೋತಾಡಬಾರದು.

ಇದೇ ಪರೀಕ್ಷೆಯನ್ನು ಬೆಳಿಗ್ಗೆ ತಣ್ಣಗಿದ್ದಾಗ ಒಮ್ಮೆ, ಸಿಲ್ಕ್ ಬೋರ್ಡ್ ಜಾಮಿನಲ್ಲಿ ಬೆಂದು ಬಂದಾಗ ಒಮ್ಮೆ ಮಾಡಿ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಬೀಟಲ್‌ನ ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ ಮಿಶ್ರಲೋಹದ್ದು. ಬಿಸಿಯಾದರೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ಕ್ರ್ಯಾಂಕಿಗೂ ಕ್ಯಾಮಿಗೂ ಮಧ್ಯೆ 100 ಮಿ.ಮೀ. ಇದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬಿಸಿ 80 ಡಿಗ್ರಿ ಏರಿದರೆ ಕೇಸು 0.2 ಮಿ.ಮೀ. ಹಿಗ್ಗುತ್ತದೆ, ಉಕ್ಕಿನ ಗೇರುಗಳು 0.1ರಷ್ಟು ಮಾತ್ರ. ಶಾಫ್ಟುಗಳು ದೂರ ಸರಿದು, ಹಲ್ಲಿನ ಮಗ್ಗುಲಿನ ಇಳಿಜಾರು (ಪ್ರೆಷರ್ ಆಂಗಲ್) 20 ಡಿಗ್ರಿಯಾದರೆ, ಸಂದು 0.08 ಮಿ.ಮೀ.ನಷ್ಟು ಹೆಚ್ಚುತ್ತದೆ. ಕಂಪನಿ ಕೊಟ್ಟ ಅಳತೆಯೇ ಸೊನ್ನೆಯಿಂದ 0.05! ಕಂಪನಿಯ ಕ್ಯಾಮ್ ಗೇರ್ ಉಕ್ಕಿನದಲ್ಲ, ಹಗುರ ಮಿಶ್ರಲೋಹದ್ದು, ಅದು ಕೇಸಿನ ಜೊತೆಗೇ ಹಿಗ್ಗುತ್ತದೆ. ಹಾಗಾಗಿ ನೇರ ಹಲ್ಲೇ ಬೇಕು ಅನ್ನುವವರು ಕ್ಯಾಮ್ ಗೇರ್ ಅಲ್ಯೂಮಿನಿಯಂ ಇರುವ ಸೆಟ್ ತರಿಸಿ, ಸಂದು ಹೆಚ್ಚುವುದು ಅರ್ಧಕ್ಕೆ ಇಳಿಯುತ್ತದೆ. ಎರಡೂ ಉಕ್ಕಿನ ಸೆಟ್ಟನ್ನು ರೇಸಿನವರಿಗೆ ಬಿಟ್ಟುಬಿಡಿ.

ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಯಾದಾಗ ಕಟಕಟ ಎಂದರೆ ಸಂದಿನದೇ ಕೆಲಸ. ತಣ್ಣಗಿದ್ದಾಗಲೇ ಶುರುವಾದರೆ ಅಳತೆಯೇ ತಪ್ಪಿದೆ. ಎರಡನೆಯದಾದರೆ ಬಿಚ್ಚಲೇಬೇಕು. ಗೇರ್ ಒಂದನ್ನು ನೋಡುವುದಕ್ಕೂ ಇಡೀ ಕೇಸನ್ನು ಎರಡು ಹೋಳು ಮಾಡಬೇಕು, ಅದಕ್ಕೇ ಇಷ್ಟು ಹೊತ್ತು ಕಿವಿಯ ಕೆಲಸ ಹೇಳಿದ್ದು.

ಕೇಸಿನ ಎಡ ಹೋಳಿನಲ್ಲಿ ಬೇರಿಂಗ್ ಸಮೇತ ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಕೂರಿಸಿ. ಕ್ಯಾಮ್ ಗೇರಿನ ಒಂದು ಗುರುತು ಕ್ರ್ಯಾಂಕ್ ಗೇರಿನ ಎರಡು ಚುಕ್ಕೆಗಳ ನಡುವೆ ಬರಬೇಕು. ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ. ಕ್ಯಾಮ್ ಬೇರಿಂಗ್ ಬಿಟ್ಟು ಮೇಲೆದ್ದರೆ ಗೇರ್ ಬಿಗಿ. ಏಳದಿದ್ದರೆ ಕ್ರ್ಯಾಂಕನ್ನು ಭದ್ರ ಹಿಡಿದು, ಡಯಲ್ ಗೇಜಿನ ಮೊನೆಯನ್ನು ಕ್ಯಾಮ್ ಗೇರಿನ ಹಲ್ಲಿನ ಮಗ್ಗುಲಿಗೆ ತಾಗಿಸಿ, ಗೇರನ್ನು ಬೆರಳಲ್ಲಿ ಅಲ್ಲಾಡಿಸಿ. ಕಾಲು ಕಾಲು ಸುತ್ತಿಗೊಮ್ಮೆ ಹೀಗೇ ಮಾಡುತ್ತ ಕ್ಯಾಮಿನ ಪೂರ್ತಿ ಸುತ್ತು ಮುಗಿಸಿ. ಒಂದೇ ಕಡೆ ಅಳೆದು ಸಾಕು ಅನ್ನಬೇಡಿ. ನಾನು ತಣ್ಣಗೆ ಸೊನ್ನೆಯಿಂದ 0.02ರೊಳಗೆ ಇಡುತ್ತೇನೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದು ಇನ್ನೊಂದು ಚೂರು ಬಿಗಿಯಾಗುತ್ತದೆ, ಆದ್ದರಿಂದ ಯಾವ ಕಡೆಯಲ್ಲೂ ಹಿಡಿದುಕೊಳ್ಳುವ ಹಾಗೆ ಇರಕೂಡದು.

ಮಲ್ಲೇಶ್ವರದ ಹುಡುಗನೊಬ್ಬ ತಂದಿದ್ದ ಎಂಜಿನ್ನಿನಲ್ಲಿ ಒಂದು ಕಡೆ ಸಂದು ಸರಿಯಾಗಿತ್ತು, ಅದರ ಎದುರು ಕಡೆ ಬಾಯಿ ಬಿಟ್ಟಿತ್ತು. “ಅಂಕಲ್, ಗೇರೇ ಸೊಟ್ಟ ಬಂದಿದೆಯಾ?” ಅಂತ ಕೇಳಿದ. ಮೂರು ಬೋಲ್ಟ್ ಬಿಚ್ಚಿ ಗೇರ್ ಎತ್ತಿದೆವು. ಕ್ಯಾಮ್ ಕೂರುವ ಮುಖದ ಮೇಲೆ ಬೋಲ್ಟ್ ತೂತಿನ ಪಕ್ಕ ಒಣಗಿದ ಸೀಲಂಟಿನ ತೆಳು ಹೊಟ್ಟು. ಉಗುರಿಗೆ ತಗಲುವಷ್ಟು, ಕಣ್ಣಿಗೆ ಕಾಣದಷ್ಟು. ಪೆಟ್ರೋಲಿನಲ್ಲಿ ಒರೆಸಿ, ಮುಖವನ್ನು ಆಯಿಲ್ ಸ್ಟೋನಿನ ಮೇಲೆ ಎರಡು ಸಲ ಆಡಿಸಿ ಮತ್ತೆ ಕೂರಿಸಿದ ಮೇಲೆ ಡಯಲಿನ ಮುಳ್ಳು ಸುತ್ತಲೂ ಒಂದೇ ತೋರಿಸಿತು. ಅವನಿಗೆ ಹೊಸ ಗೇರಿನ ಖರ್ಚೇ ಬರಲಿಲ್ಲ.

ಹಲ್ಲಿನ ಅಂಚನ್ನೂ ಉಗುರಿನಲ್ಲೇ ನೋಡಿ. ಕಟ್ ಮಾಡಿದಾಗ ಉಳಿದ ಚೂಪು ಸಿಕ್ಕಿದರೆ ಆಯಿಲ್ ಸ್ಟೋನಿನಲ್ಲಿ ಬಿಡಿಸಿ, ಫೈಲ್ ಬೇಡ. ಆಮೇಲೆ ನಾಲ್ಕೈದು ಹಲ್ಲಿಗೆ ತೆಳ್ಳಗೆ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಹಚ್ಚಿ ತಿರುಗಿಸಿ. ಗುರುತು ಹಲ್ಲಿನ ನಡುವೆ ಬಿದ್ದರೆ ಚೆನ್ನ, ಒಂದೇ ತುದಿಗೆ ಬಿದ್ದರೆ ಶಾಫ್ಟ್ ಅಥವಾ ಗೇರ್ ಸೊಟ್ಟ ಕೂತಿದೆ.

ಸಂದು ಸುತ್ತಲೂ ಒಂದೇ ಸಮ, ಆದರೆ ಹೆಚ್ಚು ಎಂದಾದರೆ ದೊಡ್ಡ ಗೇರ್ ಬೇಕು. ಕಂಪನಿ ಗೇರಿನ ಹಿಂಬದಿಯಲ್ಲಿ -1, 0, +1 ಅಂತ ಹೊಡೆದಿರುತ್ತಾರೆ. ಒಂದು ಅಂಕಿ ಎಂದರೆ ಗೇರಿನ ತ್ರಿಜ್ಯದಲ್ಲಿ ಮಿಲಿಮೀಟರಿನ ನೂರನೇ ಒಂದು ಪಾಲು. ನೇರ ಹಲ್ಲಿನ ಸೆಟ್ಟುಗಳಲ್ಲಿ ಎಷ್ಟೋ ಸಲ ಒಂದೇ ಸೈಜು ಸಿಗುತ್ತದೆ. ಲೈನ್ ಬೋರ್ ಮಾಡಿಸಿದ (ಬೇರಿಂಗ್ ಕೂರುವ ತೂತುಗಳನ್ನು ಮತ್ತೆ ಕೊರೆಯಿಸಿದ) ಹಳೆಯ ಕೇಸಿನಲ್ಲಂತೂ ಶಾಫ್ಟುಗಳ ದೂರ ಬದಲಾಗಿರಬಹುದು. ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಾಗಲಿ, ಹೊರದೇಶದಿಂದ ತರಿಸುವಾಗಾಗಲಿ, ದುಡ್ಡು ಕೊಡುವ ಮುನ್ನ ಬೇರೆ ಸೈಜು ಸಿಗುತ್ತದೆಯೇ ಅಂತ ಕೇಳಿ. ಇಲ್ಲ ಎಂದರೆ ಆ ಕೇಸಿಗೆ ಸರಿಹೊಂದುವ ಓರೆ ಹಲ್ಲಿನ ಗೇರಿಗೇ ವಾಪಸ್ಸು ಹೋಗಿ.

ಕ್ರ್ಯಾಂಕ್ ಗೇರನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಎಣ್ಣೆಯಲ್ಲಿ 80 ಡಿಗ್ರಿಗೆ ಕಾಯಿಸಿದರೆ ತಾನೇ ಜಾರಿ ಕೂರುತ್ತದೆ. ಕ್ಯಾಮ್ ಗೇರಿನ ಬೋಲ್ಟಿನ ತಲೆ ಆಯಿಲ್ ಪಂಪಿನ ಬೆನ್ನಿಗೆ ತಾಗುತ್ತದೆಯೇ ಅಂತ ಕೇಸ್ ಮುಚ್ಚುವ ಮೊದಲೇ ಕ್ಯಾಮನ್ನು ಪೂರ್ತಿ ಸುತ್ತಿಸಿ ನೋಡಿ. ತಾಗಿದರೆ ಅದೂ ಒಂದು ಹೊಸ ಸದ್ದು.

ಕೂಗು ಕಡಿಮೆ ಮಾಡಲು ಕೆಲವರು ಎಂಜಿನ್ ಮುಚ್ಚಳದ ಗಾಳಿಕಿಂಡಿಗೆ ಫೋಮ್ ತುಂಬುತ್ತಾರೆ. ದಯವಿಟ್ಟು ಬೇಡ. ಈ ಎಂಜಿನ್ ಬದುಕುವುದೇ ಆ ಗಾಳಿಯಿಂದ. ಹಿಂದಿನ ಸೀಟಿನ ಕೆಳಗೆ, ಎಂಜಿನ್ ಕೋಣೆಯ ಮುಂದಿನ ಗೋಡೆಗೆ ದಪ್ಪ ಟಾರ್ ಶೀಟ್ ಹಾಕಿಸಿ, ಸುತ್ತಲಿನ ರಬ್ಬರ್ ಸೀಲ್ ಹರಿದಿದ್ದರೆ ಬದಲಿಸಿ. ಕಾರಿನೊಳಗೆ ಕೂತವರಿಗೆ ಸಾಕಷ್ಟು ಆರಾಮ ಸಿಗುತ್ತದೆ. ದಪ್ಪ ಎಣ್ಣೆ ಹಾಕಿದರೆ ಕಟಕಟ ತುಸು ಮಂಕಾದೀತು, ಕೂಗು ಹಾಗೇ ಇರುತ್ತದೆ.

ಹೊಸ ಗೇರ್ ಹಾಕಿ 500 ಕಿ.ಮೀ. ಓಡಿಸಿದ ಮೇಲೆ ಎಣ್ಣೆ ಇಳಿಸಿ. ಹಿಡಿಯುವುದೇ ಎರಡೂವರೆ ಲೀಟರ್, ದೊಡ್ಡ ಖರ್ಚೇನಲ್ಲ. ಕೆಳಗಿನ ಜರಡಿ ತೆಗೆದು ಬಿಳಿ ಬಟ್ಟೆಯ ಮೇಲೆ ಕೊಡವಿ, ಅಯಸ್ಕಾಂತ ಆಡಿಸಿ. ಹಿಟ್ಟಿನಂಥ ಉಕ್ಕಿನ ಪುಡಿ ಚೂರು ಅಂಟಿಕೊಂಡರೆ ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟದ, ಬೆಳ್ಳಿ ಬಣ್ಣದ ಚಕ್ಕೆ ಕಂಡರೆ ಕ್ಯಾಮ್ ಗೇರಿನ ಹಲ್ಲೋ ಕೇಸೋ ಸವೆಯುತ್ತಿದೆ. ಸದ್ದು ಎಷ್ಟೇ ಕಡಿಮೆ ಇರಲಿ, ಆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.