ಉದುರಿದ ಎಲೆ ಸುಡಬೇಡಿ, ಮಡಿಗೆ ಹೊದಿಸಿ

ಪುಣೆಯಲ್ಲಿ ಫೆಬ್ರುವರಿ–ಮಾರ್ಚ್ ಎಂದರೆ ಎಲೆ ಉದುರುವ ಕಾಲ. ಉದುರಿದ್ದನ್ನು ಹೌಸಿಂಗ್ ಸೊಸೈಟಿಯ ಮೂಲೆಯಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರುವವರು ಇನ್ನೂ ಇದ್ದಾರೆ. ಏಪ್ರಿಲ್–ಮೇ ಬಿಸಿಲಿಗೆ ಕಪ್ಪು ಮಣ್ಣು ಬಿರುಕು ಬಿಡುವಾಗ ತೇವ ಆರದಂತೆ ಗಿಡಕ್ಕೆ ಹೊದಿಕೆಯಾಗಿ ಬೇಕಾಗುವುದು ಇದೇ ಎಲೆ. ಗುಡಿಸುವವರಿಗೆ ‘ಪಾಲಾಪಾಚೋಳಾ’ (ಮರಾಠಿಯಲ್ಲಿ ಉದುರಿದ ಒಣ ಎಲೆ) ಬೇಕೆಂದು ಮೊದಲೇ ಹೇಳಿಡಿ, ಚೀಲ ತುಂಬಿಸಿ ಕೊಡುತ್ತಾರೆ. ಹೊಲದಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಹೊದಿಸಿ ಗೊತ್ತಿರುವ ಬೆಳಗಾವಿ ಕಡೆಯವರಿಗೆ ಇದು ಹೊಸದೇನಲ್ಲ.

ಎಲ್ಲ ಎಲೆಯೂ ಒಂದೇ ಅಲ್ಲ. ಮಳೆಮರದ ಸಣ್ಣೆಲೆಯನ್ನು ಹಾಗೇ ಹರಡಬಹುದು. ಅದರ ಅಂಟು ಕಾಯಿಗಳನ್ನು ಮಾತ್ರ ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ಮಳೆ ಬಿದ್ದಾಗ ಮಡಿಯಲ್ಲೇ ಮೊಳೆಯುತ್ತವೆ. ಮಾವು, ಹಲಸಿನಂಥ ಅಗಲ ಎಲೆಗಳು ಒಂದರ ಮೇಲೊಂದು ಕೂತರೆ ನೀರು ಕೆಳಗಿಳಿಯದು. ಚೀಲದಲ್ಲೇ ತುಳಿದು ಪುಡಿ ಮಾಡಿ ಹಾಕಿ. ರಸವಂತಿಯವರು (ಕಬ್ಬಿನ ಹಾಲಿನ ಅಂಗಡಿಯವರು) ಬಿಸಾಡುವ ಕಬ್ಬಿನ ಸಿಪ್ಪೆಯೂ ಆದೀತು, ಆದರೆ ಚೆನ್ನಾಗಿ ಒಣಗಿಸದಿದ್ದರೆ ಇರುವೆ ಮುತ್ತುತ್ತವೆ. ಕತ್ತರಿಸಿದ ಹುಲ್ಲನ್ನು ಹಸಿಯಾಗಿಯೇ ಹಾಕಿದರೆ ಕೊಳೆತು ನಾರುತ್ತದೆ. ರೋಗ ಬಂದ ಗಿಡದ ಎಲೆ ಬೇಡವೇ ಬೇಡ.

ಈಗ ಮಡಿ. ಕಳೆಯನ್ನು ಬೇರುಸಹಿತ ಕಿತ್ತು, ತೆಳ್ಳಗೆ ಗೊಬ್ಬರ ಉದುರಿಸಿ, ಮಣ್ಣು ಆಳದವರೆಗೆ ನೆನೆಯುವಂತೆ ನೀರುಣಿಸಿ. ಈ ಕೊನೆಯದನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ಒಣ ಮಣ್ಣಿಗೆ ಹೊದಿಸಿದರೆ, ಆಮೇಲೆ ಚಿಮುಕಿಸಿದ ನೀರನ್ನು ಎಲೆಯೇ ಕುಡಿದುಬಿಡುತ್ತದೆ. ಎಲೆಯನ್ನು ಎರಡು-ಮೂರು ಇಂಚು ದಪ್ಪ ಹರಡಿ, ಗಾಳಿಗೆ ಹಾರದಂತೆ ಮೇಲೊಂದಿಷ್ಟು ನೀರು ಹೊಡೆಯಿರಿ.

ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇರಲಿ. ಬುಡಕ್ಕೆ ಒತ್ತಿ ರಾಶಿ ಹಾಕುವುದು ನೋಡಲು ಅಚ್ಚುಕಟ್ಟು, ಆದರೆ ತೊಗಟೆ ಸದಾ ಒದ್ದೆಯಾಗಿ ಕೊಳೆಯುತ್ತದೆ. ಗೆದ್ದಲಿನ ಭಯವಿರುವುದರಿಂದ ಮನೆಯ ಗೋಡೆಯಿಂದಲೂ ಒಂದಡಿ ದೂರ ಬಿಡಿ. ಮೆಂತ್ಯ, ಕೊತ್ತಂಬರಿ ಬಿತ್ತಿದ ಸಾಲಿಗೆ ಸಸಿ ಗೇಣುದ್ದ ಆಗುವವರೆಗೆ ಹೊದಿಕೆ ಬೇಡ.

ಹೊದಿಸಿದ ಮೇಲೂ ರೂಢಿಯಂತೆ ದಿನಾ ಪೈಪ್ ಹಿಡಿಯಬೇಡಿ. ಎಲೆ ಸರಿಸಿ ಬೆರಳು ಚುಚ್ಚಿ ನೋಡಿ. ಎರಡು ಗೆಣ್ಣಿನಷ್ಟು ಆಳದಲ್ಲಿ ತಂಪಿದ್ದರೆ ಅಂದು ನೀರು ಬೇಕಿಲ್ಲ.

ಜೂನ್‌ನಲ್ಲಿ ಲೆಕ್ಕ ತಿರುಗುತ್ತದೆ. ಕಪ್ಪು ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಹೊದಿಕೆಯನ್ನು ತೆಳುವಾಗಿಸಿ, ಬುಡದಿಂದ ಇನ್ನಷ್ಟು ಸರಿಸಿ. ಸಣ್ಣ ಕಲ್ಲು ಬೆರೆತ ಗರಸು ಮಣ್ಣಿದ್ದರೆ ಅಷ್ಟು ಚಿಂತೆಯಿಲ್ಲ. ಎಲೆಯಡಿ ಬಸವನಹುಳು ಸೇರಿಕೊಂಡಿದ್ದರೆ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕು. ದಸರೆಯ ಹೊತ್ತಿಗೆ ಹಳೆಯದು ಬಹುಪಾಲು ಮಣ್ಣಾಗಿರುತ್ತದೆ. ಆಗ ಹಾಕುವ ಹೊಸ ಪದರಕ್ಕೆಂದು ಒಂದೆರಡು ಚೀಲ ಎಲೆಯನ್ನು ಮಾರ್ಚ್‌ನಲ್ಲೇ ಮಳೆ ತಾಕದ ಕಡೆ ಎತ್ತಿಡಿ.